ಮೆಟ್ಟಿಲಿಗೊಂದು ಕಥೆ ಹೇಳಿದ ನಾಗಲಿಂಗಣ್ಣ

ಬಾದಾಮಿಯ ಗುಹೆ ನೋಡಲು ಬಂದವರು ಎರಡು ವರ್ಷಗಳಿಂದ ಗೇಟಿನ ಹತ್ತಿರ ಒಬ್ಬರನ್ನೇ ವಿಚಾರಿಸುತ್ತಿದ್ದರು: “ಮೆಟ್ಟಿಲಿಗೊಂದು ಕಥಿ ಹೇಳೂ ಗೈಡ್ ಎಲ್ಲಿ ಅದಾರ್ರಿ?” ಅವರು ನಮ್ಮ ನಾಗಲಿಂಗಣ್ಣ. ಕಮತಗಿಯಲ್ಲಿ ಹುಟ್ಟಿ, ಮದುವೆಯಾದ ಮೇಲೆ ಬಾದಾಮಿಯಲ್ಲಿ ನೆಲೆಸಿದವರು. ವಯಸ್ಸು ಐವತ್ತೆಂಟು. ದಿನಕ್ಕೆ ಮೂರು ನಾಲ್ಕು ಸಲ ಆ ಕೆಂಪು ಬೆಟ್ಟ ಹತ್ತಿ ಇಳಿಯುವುದೇ ಇಪ್ಪತ್ತಾರು ವರ್ಷಗಳ ಅವರ ಕಾಯಕ.

ಮೊದಲೆಲ್ಲ ಉಳಿದ ಗೈಡುಗಳಂತೆ ಗುಹೆ ಮುಟ್ಟಿದ ಮೇಲೆಯೇ ಬಾಯಿ ತೆರೆಯುತ್ತಿದ್ದರು. ಆಮೇಲಾಮೇಲೆ ನಡುದಾರಿಯಲ್ಲೇ ನಿಲ್ಲತೊಡಗಿದರು. ಪಕ್ಕದ ಬೋಳು ಬಂಡೆಯತ್ತ ಕೈ ಚಾಚಿ, “ಈ ಕಲ್ಲನ್ನ ಶಿಲ್ಪಿ ಕೆತ್ತದ ಯಾಕ ಬಿಟ್ಟ, ಹೇಳ್ರಿ ನೋಡೂಣು?” ಎನ್ನುವರು. ಒಂದು ದಿನ ಶಿಲ್ಪಿಯ ಹೆಂಡತಿ ಊಟಕ್ಕೆ ಕರೆದಿದ್ದಳು. ಇನ್ನೊಂದು ದಿನ ಅಲ್ಲಿ ಗುಬ್ಬಿ ಮೊಟ್ಟೆ ಇಟ್ಟಿತ್ತು. ಮತ್ತೊಂದು ದಿನ ಉಳಿಯೇ ಕಳೆದಿತ್ತು. ಜನ ನಗುತ್ತಿದ್ದರು, ಬೋಳು ಬಂಡೆಯ ಫೋಟೊ ತೆಗೆದುಕೊಳ್ಳುತ್ತಿದ್ದರು.

ಆ ಕಥೆಗಳೆಲ್ಲ ಅವರ ಬಲಗಾಲಿನ ಮೀನಖಂಡದಲ್ಲಿ ಹುಟ್ಟುತ್ತಿದ್ದವು ಎಂಬುದು ಹೆಂಡತಿ ಸುನಂದಾ ವೈನಿಗೂ ಗೊತ್ತಿರಲಿಲ್ಲ. ಮೂವತ್ತು ಮೆಟ್ಟಿಲು ಹತ್ತಿದರೆ ಸಾಕು, ಒದ್ದೆ ಬಟ್ಟೆ ಹಿಂಡಿದಂತೆ ಅಲ್ಲಿ ನೋವು ಹಿಡಿಯುತ್ತಿತ್ತು. ಎರಡು ನಿಮಿಷ ನಿಂತರೆ ತಾನೇ ಬಿಡುತ್ತಿತ್ತು. ಆ ಎರಡು ನಿಮಿಷ ತುಂಬಿಸಲು ಒಂದು ಕಥೆ ಬೇಕಾಗುತ್ತಿತ್ತು. ಕಾಲು ನೋಯುತ್ತದೆ ಎಂದರೆ ಪ್ರವಾಸಿಗರು ಹರೆಯದ ಗೈಡುಗಳ ಕಡೆ ಹೋಗುತ್ತಾರೆ ಎಂಬ ಹೆದರಿಕೆ ಅವರಿಗೆ. ಕೆಳಗಿಳಿದ ಕೂಡಲೇ ಒಂದು ಬೀಡಿ ಹಚ್ಚಿ ಸುಮ್ಮನಾಗುತ್ತಿದ್ದರು.

ಹೋದ ದೀಪಾವಳಿ ರಜೆಯಲ್ಲಿ ಜುಲೇಖಾ ಎಂಬ ಹುಡುಗಿ ತನ್ನ ಚಿಕ್ಕಮ್ಮನನ್ನು ಕರೆದುಕೊಂಡು ಗುಹೆ ನೋಡಲು ಬಂದಳು. ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ, ಹೃದಯದ ವಿಭಾಗದ ನರ್ಸ್ ಅವಳು. ನಾಗಲಿಂಗಣ್ಣ ಎಂದಿನಂತೆ ನಡುವೆ ನಿಂತರು.

“ಕಾಕಾ, ಇಲ್ಲೇನೂ ಕೆತ್ತೇ ಇಲ್ಲಲ್ಲ?” ಎಂದಳು ಜುಲೇಖಾ.

“ಅದಕ್ಕೊಂದು ಕಥಿ ಐತಿ, ತಂಗಿ.”

ಕಥೆ ಮುಗಿಯಿತು, ಹತ್ತಿದರು, ಮತ್ತೆ ನಿಂತರು. “ಇಲ್ಲೂ ಏನಿಲ್ಲ!”

“ಇದಕ್ಕೂ ಐತಿ.”

ಮೂರನೆಯ ಸಲ ನಿಂತಾಗ ಜುಲೇಖಾ ಕಥೆ ಕೇಳಲಿಲ್ಲ. “ಮೂವತ್ತೊಂದು. ಹಿಂದಿನ ಸಲ ಮೂವತ್ತು. ನಿಮ್ಮ ಕಥಿ ಮೂರ್ತಿ ನೋಡಿ ನಿಂದ್ರೂದಿಲ್ಲ ಕಾಕಾ, ಮೆಟ್ಟಲಾ ಎಣಿಸಿ ನಿಂದ್ರತೈತಿ. ಮೀನಖಂಡ ಹಿಡಿತೈತಿ, ಹೌದಿಲ್ಲೋ?”

“ನಿನಗ್ಯಾರು ಹೇಳಿದ್ರವಾ?”

“ನಿಮ್ಮ ಹಣಿ ಮ್ಯಾಲಿನ ಬೆವರು ಹೇಳಾಕ ಹತ್ತೈತಿ. ಕುಂದರ್ರಿ. ಚಪ್ಪಲಿ ಬಿಡ್ರಿ.”

“ಏ, ಹೆಣ್ಣುಮಗಳು ನೀ, ಕಾಲು ಮುಟ್ಟಬ್ಯಾಡ,” ಎಂದು ಅವರು ಪಾದ ಹಿಂದಕ್ಕೆಳೆದರು. ಅಷ್ಟರಲ್ಲಿ ಅವಳ ಎರಡು ಬೆರಳು ಎಡ ಪಾದದ ಮೇಲಿದ್ದವು. ಅಲ್ಲಿ ನಾಡಿ ಸಿಕ್ಕಿತು. ಬಲ ಪಾದದ ಮೇಲೆ ಸಿಗಲಿಲ್ಲ, ಹಿಮ್ಮಡಿಯ ಹತ್ತಿರವೂ ಸಿಗಲಿಲ್ಲ. ಪಾದ ತಣ್ಣಗಿತ್ತು. ಹೆಬ್ಬೆರಳಿಗೆ ಅರಿಶಿನದ ಬಟ್ಟೆ ಸುತ್ತಿತ್ತು.

“ಇದೇನಿದು?”

“ಎಡವಿದ್ದೆ. ಒಂದೂವರಿ ತಿಂಗಳಾತು, ಒಣಗವಲ್ತು.”

ಜುಲೇಖಾಳ ನಗು ಹೋಯಿತು. “ನಾಳೆ ಮುಂಜಾನಿ ಬಸ್ಸಿಗೆ ಬಾಗಲಕೋಟಿಗೆ ಬರ್ರಿ. ಬರಲಿಲ್ಲಂದ್ರ ನಾನಽ ಬಂದು ಎಳಕೊಂಡು ಹೋಗ್ತೇನಿ, ನೋಡ್ರಿ ಮತ್ತ.”

ಮರುದಿನ ಗಂಡ ಹೆಂಡತಿ ಇಬ್ಬರೂ ಹೋದರು. ಡಾಕ್ಟರು ತೋಳಿಗೆ ಒಮ್ಮೆ, ಪಾದದ ಗಂಟಿಗೆ ಒಮ್ಮೆ ಪಟ್ಟಿ ಕಟ್ಟಿ ರಕ್ತದ ಒತ್ತಡ ಅಳೆದರು. ಎರಡೂ ಹೆಚ್ಚುಕಡಿಮೆ ಸಮ ಇರಬೇಕಂತೆ. ಬಲಗಾಲಿನಲ್ಲಿ ಅರ್ಧವೂ ಇರಲಿಲ್ಲ. ಸ್ಕ್ಯಾನಿನಲ್ಲಿ ತೊಡೆಯ ರಕ್ತನಾಳ ಒಂದು ಬೆರಳುದ್ದ ಮುಚ್ಚಿಹೋಗಿರುವುದು ಕಾಣಿಸಿತು.

“ದಿನಕ್ಕ ಬೀಡಿ ಎಷ್ಟು?” ಡಾಕ್ಟರು ಕೇಳಿದರು.

“ಒಂದೆರಡು.”

“ಒಂದೆರಡು ಕಟ್ಟು ಅನ್ರಿ!” ಎಂದರು ವೈನಿ.

ಡಾಕ್ಟರು ನಗಲಿಲ್ಲ. ರಕ್ತ ಹರಿಯದ ಹೊರತು ಗಾಯ ಮಾಯುವುದಿಲ್ಲ, ತಡಮಾಡಿದರೆ ಬೆರಳು ತೆಗೆಯಬೇಕಾದೀತು, ಅಲ್ಲಿಗೂ ನಿಲ್ಲದೆ ಪಾದಕ್ಕೇ ಬಂದೀತು ಎಂದರು. ನಾಗಲಿಂಗಣ್ಣ ಒಂದೇ ಮಾತು ಕೇಳಿದರು: “ಪಾದ ಹೋದ್ರ ಬೆಟ್ಟಾ ಹತ್ತಾಕ ಬರ್ತೈತೇನ್ರಿ?”

“ಹೋಗದಂಗ ಮಾಡೂಣು,” ಎಂದರು ಡಾಕ್ಟರು.

ಚಿಕಿತ್ಸೆಗೆ ಒಳಗೆ ಕರೆದೊಯ್ಯುವ ಮೊದಲು ಕೊರಳಿನ ಇಷ್ಟಲಿಂಗದ ಬೆಳ್ಳಿ ಕರಡಿಗೆ ತೆಗೆಯಬೇಕಾಯಿತು. ವೈನಿ ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಗಂಡನ ತೋಳಿಗೆ ಕಟ್ಟಿದರು. ಆ ಗಂಟು ಸಡಿಲಾಗದಂತೆ ಮೇಲೊಂದು ಪಟ್ಟಿ ಅಂಟಿಸಿದವಳು ಜುಲೇಖಾ.

ಎಚ್ಚರವಿದ್ದಂತೆಯೇ ಚಿಕಿತ್ಸೆ ನಡೆಯಿತು. ಎಡ ತೊಡೆಸಂದಿಯಲ್ಲಿ ಸೂಜಿ ಚುಚ್ಚಿ, ಸಣ್ಣ ತಂತಿಯೊಂದನ್ನು ಬಲಗಾಲಿನ ರಕ್ತನಾಳದವರೆಗೆ ದಾಟಿಸಿದರು. ಪಕ್ಕದ ಪರದೆಯ ಮೇಲೆ ತಮ್ಮ ಕಾಲಿನ ಒಳಗನ್ನೇ ಅವರು ನೋಡುತ್ತಿದ್ದರು. ಒಳಗೆ ಬಿಟ್ಟ ಔಷಧ ಕಪ್ಪಾಗಿ ಓಡಿಬಂದು ತೊಡೆಯ ನಡುವೆ ಗಕ್ಕನೆ ನಿಂತಿತು. ತಂತಿಯ ಮೇಲೆ ಹೋದ ಪುಟ್ಟ ಬಲೂನು ಅಲ್ಲಿ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು.

“ಈಗ ನೋಡ್ರಿ,” ಎಂದರು ಡಾಕ್ಟರು.

ಕಾಲುವೆಯ ಗೇಟು ಎತ್ತಿದಂತೆ ಆ ಕಪ್ಪು ಗೆರೆ ತೊಡೆ ದಾಟಿತು, ಮೊಣಕಾಲು ದಾಟಿತು, ಪಾದದತ್ತ ಧಾವಿಸಿತು.

“ಹೊಂಟ್ತು! ಹೊಂಟ್ತ್ರಿ ಅದು!” ನಾಗಲಿಂಗಣ್ಣ ಕೂಗಿಬಿಟ್ಟರು.

“ಗೈಡ್ ಸಾಹೇಬ್ರ, ಕೂಗ್ರಿ ಬೇಕಾದ್ರ, ಆದ್ರ ಕಾಲು ಅಲಗಾಡಿಸಬ್ಯಾಡ್ರಿ!” ಎಂದರು ಡಾಕ್ಟರು.

ಹೊರಗೆ ತಂದಾಗ ಜುಲೇಖಾ ವೈನಿಯ ಬೆರಳು ಹಿಡಿದು ಬಲ ಪಾದದ ಮೇಲೆ ಒತ್ತಿದಳು. ವೈನಿ ಇನ್ನೊಂದು ಕೈಯನ್ನೂ ಇಟ್ಟು ನೋಡಿದರು. “ಹೊಡಿಯಾಕ ಹತ್ತೈತಿ! ಬೆಚ್ಚಗೂ ಆಗೇತ್ರಿ! ಯಪ್ಪಾ ಬಸವಣ್ಣಾ!” ಪಕ್ಕದ ಮಂಚದ ಮುದುಕಿ ರಂಗವ್ವ ಎದ್ದು ಬಂದು, ತಾನೂ ಮುಟ್ಟಿ ನೋಡಿದಳು.

ಡಾಕ್ಟರು ಮಾತ್ರ ಸಂಜೆ ಬಂದು ಕುರ್ಚಿ ಎಳೆದುಕೊಂಡು ಕೂತರು. “ಒಂದು ಕಡೆ ದಾರಿ ಬಿಡಿಸೇವಿ, ಅಷ್ಟ. ಕಾಲಿನ ನಾಳದಾಗ ಇಷ್ಟು ಕೊಬ್ಬು ಕುಂತೈತಿ ಅಂದ್ರ, ಹೃದಯದ್ದು, ಮಿದುಳಿಂದು ನಾಳದಾಗೂ ಕುಂತಿರಬಹುದು. ಗುಳಿಗಿ ತಪ್ಪಿಸಬ್ಯಾಡ್ರಿ. ಬೀಡಿ ಸೇದಿದ್ರ ಇದೂ ತಿರುಗಿ ಮುಚ್ಚತೈತಿ. ಗಾಯ ಮಾದ ಮ್ಯಾಲೆ ದಿನಾ ನಡೀರಿ. ಮೀನಖಂಡ ಹಿಡಿದ್ರ ನಿಂದರ್ರಿ, ಬಿಟ್ಟ ಮ್ಯಾಲೆ ಮತ್ತ ನಡೀರಿ. ನಡದಷ್ಟೂ ನಾಳಕ್ಕ ಛಲೋ.”

ಬೀಡಿ ಬಿಡುವುದು ಬಲೂನಿನಷ್ಟು ಸುಲಭವಾಗಲಿಲ್ಲ. ಮೊದಲ ವಾರ ಎಲ್ಲರ ಮೇಲೂ ಸಿಡಿಮಿಡಿ. ವೈನಿ ಅವರ ಅಂಗಿಯ ಕಿಸೆಗೆ ಬಡೇಸೋಪು ತುಂಬಿಡುತ್ತಿದ್ದರು. ಹನ್ನೊಂದನೆಯ ದಿನ ಗೆಳೆಯನೊಬ್ಬ ಬೀಡಿ ಚಾಚಿದಾಗ ಕೈ ಮುಂದೆ ಹೋಯಿತಂತೆ. ಹೆಬ್ಬೆರಳು ನೋಡಿಕೊಂಡು ಕೈ ಹಿಂದಕ್ಕೆ ತೆಗೆದುಕೊಂಡರಂತೆ. ಆ ಗಾಯದ ಅಂಚಿಗೆ ಆಗಲೇ ಗುಲಾಬಿ ಬಣ್ಣದ ಹೊಸ ಚರ್ಮ ಬರುತ್ತಿತ್ತು!

ಆರು ವಾರಕ್ಕೆ ಗಾಯ ಪೂರ್ತಿ ಮುಚ್ಚಿತು. ಆಮೇಲೆ ಒಂದು ತಿಂಗಳು ಬೆಟ್ಟದ ಬುಡದ ಅಗಸ್ತ್ಯತೀರ್ಥದ ಕೆರೆಯ ದಂಡೆಯ ಸಪಾಟು ದಾರಿಯಲ್ಲಿ ಬೆಳಿಗ್ಗೆ ಸಂಜೆ ನಡೆದರು. ಬಾಗಲಕೋಟೆಯಲ್ಲಿ ಪಾದದ ಒತ್ತಡ ಮತ್ತೊಮ್ಮೆ ಅಳೆದಾಗ, ತೋಳಿನದಕ್ಕೆ ಹತ್ತಿರ ಬಂದಿತ್ತು. “ಈಗ ಹತ್ರಿ ನಿಮ್ಮ ಬೆಟ್ಟಾ,” ಎಂದರು ಡಾಕ್ಟರು.

ಮುಂದಿನ ಸೋಮವಾರ ಬಂತು. ಹಣೆಗೆ ವಿಭೂತಿ ಹಚ್ಚಿಕೊಂಡು, ಗುಹೆಗಳ ಗೇಟು ತೆರೆದ ಕೂಡಲೇ ಗಂಡ ಹೆಂಡತಿ ಒಳಗೆ ಹೋದರು. ಮೊದಲ ಗುಹೆ ಬಂತು, ನಾಗಲಿಂಗಣ್ಣ ನಿಲ್ಲಲಿಲ್ಲ. ಎರಡನೆಯದಕ್ಕೂ ನಿಲ್ಲಲಿಲ್ಲ. ಮೂರನೆಯದರ ಹತ್ತಿರ ಮೀನಖಂಡ ಸಣ್ಣಗೆ ಜಗ್ಗಿತು. ಅವರು ಒಮ್ಮೆ ಕಾಲು ನೋಡಿಕೊಂಡರು. ಇನ್ನೊಂದು ಹೆಜ್ಜೆ ಇಟ್ಟರು, ಮತ್ತೊಂದು ಇಟ್ಟರು. ಜಗ್ಗುವುದು ಹೆಚ್ಚಲಿಲ್ಲ. ನಾಲ್ಕನೆಯ ಗುಹೆಯ ಅಂಗಳದಲ್ಲಿ ನಿಂತು, ಕೆಳಗಿನ ನೀರು, ಊರು ಎಲ್ಲ ಒಮ್ಮೆ ನೋಡಿ, ಎರಡೂ ಕೈ ಮೇಲೆತ್ತಿದರು.

“ಸುನಂದಾ! ಬಂದ್ನಲ್ಲಽ! ಇನ್ನೊಮ್ಮೆ ಇಳದು ಹತ್ತೂನೇನ?”

ವೈನಿ ಇನ್ನೂ ಹತ್ತು ಮೆಟ್ಟಿಲು ಕೆಳಗಿದ್ದರು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. “ನೀವು ಹತ್ರಿ, ನೂರು ಸಲ ಹತ್ರಿ. ನಾ ಇಲ್ಲೇ ಕುಂದ್ರತೇನಿ,” ಎಂದು ಅಲ್ಲೇ ಕೂತುಬಿಟ್ಟರು.

ನಾಗಲಿಂಗಣ್ಣ ಆಗಲೇ ಇಳಿಯತೊಡಗಿದ್ದರು.