ಮಾವೊರಿ ಅಂಗಳದಲ್ಲಿ ಮೈಸೂರು ಪೇಟ

ಟೆಕ್ಸಸ್ಸಿನ ಲೂಯಿಸ್‌ವಿಲ್‌ನ ನಮ್ಮ ಮನೆಯ ಕ್ಲಾಸೆಟ್ಟಿನಲ್ಲಿ ಮೇಲಿನ ಅರೆಯೊಂದು ಶಾಲುಗಳಿಗೂ ಮೈಸೂರು ಪೇಟಗಳಿಗೂ ಮೀಸಲು. ಕನ್ನಡ ಸಂಘದ ವೇದಿಕೆಯನ್ನು ಇಷ್ಟು ವರ್ಷ ಹತ್ತಿ ಇಳಿದವನ ಮನೆಗೆ ಅವು ತಾವಾಗಿಯೇ ಬಂದು ಸೇರುತ್ತವೆ. ಕೆಲವನ್ನು ನನಗೆ ಹೊದಿಸಿದರು, ಕೆಲವನ್ನು ಬೇರೆಯವರಿಗೆ ಹೊದಿಸಲೆಂದು ತರಿಸಿ ಉಳಿಸಿಕೊಂಡೆ, ಉಳಿದವು ಯಾರಿಂದ ಯಾರಿಗೆ ಹೋಗಬೇಕಿತ್ತೋ ದೇವರೇ ಬಲ್ಲ. ನಿಮ್ಮ ಊರಿನಲ್ಲೂ ಒಬ್ಬ ಇಂಥವನಿರುತ್ತಾನೆ, ಮಿತ್ರರೇ: ಮೈಕು ಕಂಡರೆ ಕೈ ಚಾಚುವವನು, ‘ಎರಡೇ ಮಾತು’ ಎಂದು ಶುರುಮಾಡಿ ಊಟ ಆರಿಸುವವನು. ನಮ್ಮ ಡಾಲಸ್ ಸೀಮೆಯಲ್ಲಿ ಅವನು ನಾನೇ. ನಾನು ಮಾತಾಡುವಾಗ ನನ್ನ ಹೆಂಡತಿ ಸುಮಿತ್ರಾ ಹಾಲಿನ ಹಿಂಬದಿಯಲ್ಲಿ, ಬಿಸಿಬೇಳೆಬಾತಿನ ಟ್ರೇ ಪಕ್ಕ, ಮುಚ್ಚಳ ತೆಗೆಯಲೋ ಬೇಡವೋ ಎಂದು ನನ್ನ ಮುಖ ನೋಡುತ್ತ ನಿಂತಿರುತ್ತಾಳೆ.

ಹೀಗಿರಲು ನಾವು ನ್ಯೂಜಿಲೆಂಡಿಗೆ ಹೋದೆವು. ಹೋದದ್ದೂ ಹೊಟ್ಟೆಕಿಚ್ಚಿನಿಂದಲೇ. ಆಸ್ಟಿನ್ನಿನಲ್ಲಿರುವ ನನ್ನ ಹಳೆಯ ಸಹಪಾಠಿ, ಹೆಂಡತಿಯೊಂದಿಗೆ ಅಲ್ಲಿನ ಬಿಸಿನೀರಿನ ಬುಗ್ಗೆಯ ಮುಂದೆ ನಿಂತ ಫೋಟೋವನ್ನು ವಾಟ್ಸಾಪ್ ಗುಂಪಿಗೆ ಹಾಕಿದ್ದ. ಅದಕ್ಕೆ ಬಂದ ಮೆಚ್ಚುಗೆಗಳನ್ನು ನೋಡುತ್ತ ಕೂತವನು ಕಾಫಿ ಆರುವ ಮೊದಲೇ ಟಿಕೆಟ್ಟಿನ ದರ ಹುಡುಕುತ್ತಿದ್ದೆ. ಪೆಟ್ಟಿಗೆ ಕಟ್ಟುವಾಗ ಅರೆಯಿಂದ ಒಂದು ಪೇಟವನ್ನೂ ತೆಗೆದಿಟ್ಟುಕೊಂಡೆ. ‘ಇದ್ಯಾಕ್ರೀ ಅಲ್ಲಿಗೆ?’ ಎಂದಳು ಸುಮಿತ್ರಾ. ‘ಯಾರಿಗಾದರೂ ಸನ್ಮಾನ ಮಾಡೋ ಸಂದರ್ಭ ಬಂದ್ರೆ?’ ಎಂದೆ. ನಗಬೇಡಿ, ಸಂದರ್ಭ ನಿಜವಾಗಿಯೂ ಬಂತು.

ರೊಟೊರುವಾ ಎಂಬ ಆ ಊರಿನಲ್ಲಿ ಭೂಮಿ ಸುಮ್ಮನಿರುವುದಿಲ್ಲ. ರಸ್ತೆ ಬದಿಯ ಚರಂಡಿಯಿಂದ ಆವಿ ಏಳುತ್ತದೆ, ಬೇಲಿಯಾಚೆ ಕೆಸರು ರಾಗಿ ಅಂಬಲಿಯಂತೆ ಗುಳುಗುಳು ಕುದಿಯುತ್ತದೆ, ಗಂಧಕದ ಘಾಟು ಬಟ್ಟೆಯೊಳಗೆ ಸೇರಿ ಕೂರುತ್ತದೆ. ‘ಮೂಲಂಗಿ ಹುಳಿ ಮುಚ್ಚಿಟ್ಟು ಮರೆತ ಹಾಗಿದೆ’ ಎಂದು ಸುಮಿತ್ರಾ ಮೂಗಿಗೆ ಸೆರಗು ಹಿಡಿದಳು. ಜ್ವಾಲಾಮುಖಿ ತಣ್ಣಗಾದ ಮೇಲೆ ಉಳಿದ ಕುಳಿಗಳಲ್ಲಿ ಹಸಿರು, ಹಳದಿ, ಕಿತ್ತಳೆ ಬಣ್ಣದ ಕೆರೆಗಳು. ನಾನು ಮಾತ್ರ ನನ್ನ ಸಹಪಾಠಿ ನಿಂತಿದ್ದ ಜಾಗ ಯಾವುದೆಂದು ಹುಡುಕಿ, ಅವನಿಗಿಂತ ಒಂದು ಹೆಜ್ಜೆ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ.

ಸಂಜೆ ಬಸ್ಸಿನಲ್ಲಿ ಮಾವೊರಿ ಜನರ ಸ್ವಾಗತದ ಆಚರಣೆ ನೋಡಲು ಹೊರಟೆವು. ಬಂದ ಅತಿಥಿಗಳಿಗೂ ಒಬ್ಬ ಮುಖಂಡ ಇರಬೇಕಂತೆ. ಯಾರಾಗುತ್ತೀರಿ ಎಂದು ಚಾಲಕ ಕೇಳಿ ಮುಗಿಸುವ ಮೊದಲೇ ನನ್ನ ಕೈ ಮೇಲಿತ್ತು. ಆಮೇಲೆ ಆತ ಅಲ್ಲಿನ ರೀತಿನೀತಿಗಳನ್ನು ದಾರಿಯುದ್ದಕ್ಕೂ ವಿವರಿಸಿದನಂತೆ. ‘ಅಂತೆ’ ಏಕೆಂದರೆ ನಾನು ಕೇಳಿಸಿಕೊಳ್ಳಲಿಲ್ಲ, ಭಾಷಣ ಜೋಡಿಸಿಕೊಳ್ಳುತ್ತಿದ್ದೆ. ಸುಮಿತ್ರಾ ಕೇಳಿಸಿಕೊಂಡಿದ್ದಳು. ಅತಿಥಿಗಳ ಕಡೆಯವನು ಮಾತಾಡಿದ ಮೇಲೆ ಅವನ ಜನ ಎದ್ದು ಒಂದು ಹಾಡು ಹೇಳಬೇಕು, ಹಾಡು ಜೊತೆಗೂಡದ ಮಾತು ಪೂರ್ತಿಯಾಗುವುದಿಲ್ಲ. ಉಡುಗೊರೆ ತಂದಿದ್ದರೆ ನೆಲದ ಮೇಲಿಡಬೇಕು. ತಲೆ ಅವರಿಗೆ ಬಹಳ ಪವಿತ್ರ, ಯಾರ ತಲೆಗೂ ಕೈ ಹಾಕಬಾರದು. ಈ ಮೂರೂ ನನಗೆ ತಿಳಿದದ್ದು ತಡವಾಗಿ.

ಮುಖದ ತುಂಬ ಹಚ್ಚೆಯಿದ್ದ ಅವರ ನಾಯಕ, ಈಟಿ ಝಳಪಿಸಿ ಕಣ್ಣರಳಿಸಿ ನನ್ನನ್ನು ಪರೀಕ್ಷಿಸಿ, ಶಾಂತಿಯಿಂದ ಬಂದಿದ್ದರೆ ಎತ್ತಿಕೊಳ್ಳಲೆಂದು ಒಂದು ಎಲೆಯನ್ನು ನೆಲಕ್ಕಿಟ್ಟ. ಎತ್ತಿಕೊಂಡೆ. ಮಾತಾಡಿದೆ. ಗಣ್ಯರಿಂದ ಹಿಡಿದು ಅಡುಗೆಯವರವರೆಗೆ ಎಲ್ಲರಿಗೂ ವಂದಿಸಿ, ಕಾವೇರಿಯನ್ನೂ ಟೆಕ್ಸಸ್ಸನ್ನೂ ಅವರ ಜ್ವಾಲಾಮುಖಿಯನ್ನೂ ಒಂದೇ ದಾರದಲ್ಲಿ ಪೋಣಿಸಿದೆ. ಕೊನೆಗೆ ಚೀಲದಿಂದ ಮೈಸೂರು ಪೇಟ ಹೊರತೆಗೆದು, ಸಂಘದಲ್ಲಿ ಎಷ್ಟೋ ಸಲ ಮಾಡಿದಂತೆ, ಎರಡೂ ಕೈಯಲ್ಲಿ ಹಿಡಿದು ನಾಯಕನ ತಲೆಯ ಕಡೆಗೆ ಎತ್ತಿದೆ.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಮುಖದ ಮೇಲಿನ ನಗು ಹೋಯಿತು. ಅವನ ಬೆನ್ನ ಹಿಂದಿದ್ದ ಯುವಕರು ನೆಟ್ಟಗಾದರು. ಏನೋ ತಪ್ಪಿದೆ ಎಂದು ನನಗೆ ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ, ಎತ್ತಿದ ಕೈ ಇಳಿಸುವುದು ಹೇಗೆಂದು ಮೊದಲೇ ಗೊತ್ತಿರಲಿಲ್ಲ. ಆಗ ಹಿಂದಿನಿಂದ ಹಾಡೊಂದು ಎದ್ದಿತು. ಹೆಣ್ಣುಮಕ್ಕಳು ಹಸೆಯ ಮುಂದೆ ಹೇಳುವಂಥ ಆರತಿಯ ಹಾಡು, ಅವಸರವಿಲ್ಲದ, ಏರುದನಿಯ ಹಂಗಿಲ್ಲದ ಹಾಡು. ಸುಮಿತ್ರಾ ಹಾಡುತ್ತಲೇ ಮುಂದೆ ಬಂದು, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವ ಹಾಗೆ ನನ್ನ ಕೈಯಿಂದ ಪೇಟ ತೆಗೆದುಕೊಂಡು, ಬಗ್ಗಿ ನೆಲದ ಮೇಲಿಟ್ಟು, ಹಿಂದೆ ಸರಿದು, ಹಾಡು ಮುಗಿಸಿದಳು. ನಾಯಕ ತಾನೇ ಬಾಗಿ ಪೇಟವನ್ನೆತ್ತಿ ಎದೆಗೊತ್ತಿಕೊಂಡ.

ಅವರಲ್ಲಿ ಮೂಗಿಗೆ ಮೂಗು, ಹಣೆಗೆ ಹಣೆ ತಾಗಿಸಿ ಉಸಿರು ಹಂಚಿಕೊಳ್ಳುವುದೇ ಸ್ವಾಗತ. ನಾಯಕ ನನಗೂ ತಾಗಿಸಿದ, ಬಾಗಿಲು ತಟ್ಟಿದಷ್ಟು ಹೊತ್ತು. ಆದರೆ ಅವರ ಪೈಕಿ ಹಿರಿಯ ಹೆಂಗಸೊಬ್ಬಳು ನೆಟ್ಟಗೆ ಸುಮಿತ್ರಾಳ ಬಳಿಗೆ ಬಂದು, ಅವಳ ಭುಜ ಹಿಡಿದು, ಕಣ್ಣು ಮುಚ್ಚಿ, ಹಣೆಗೆ ಹಣೆ ಕೊಟ್ಟು ನಿಂತಳು. ನಿಂತೇ ಇದ್ದಳು. ಇಬ್ಬರೂ ಅಳುತ್ತಿದ್ದರು, ಆಮೇಲೆ ಇಬ್ಬರೂ ನಗುತ್ತಿದ್ದರು.

ಮರ್ಯಾದೆ ಉಳಿಸಿದವಳಿಗೆ ನಾನು ಕೃತಜ್ಞನಾಗಿರಬೇಕಿತ್ತು ಎನ್ನುತ್ತೀರಿ. ಹೌದು, ಬೇಕಿತ್ತು. ನನಗಾದದ್ದು ಹೊಟ್ಟೆಯುರಿ. ಭೂಮಿಯೊಳಗೆ ಬೇಯಿಸಿದ ಗೆಣಸನ್ನು ಅವರು ಬಡಿಸಿದಾಗ ಮೊದಲ ತಟ್ಟೆ ಅವಳಿಗೆ ಹೋಯಿತು. ಬಸ್ಸಿನವರೆಲ್ಲ ಅವಳ ಜೊತೆ ಫೋಟೋ ತೆಗೆಸಿಕೊಂಡರು. ಫೋನು ಹಿಡಿಯುವ ಕೆಲಸ ನನ್ನದಾಯಿತು. ನನ್ನ ಭಾಷಣದಲ್ಲಿ ಕಾವೇರಿ ಬಂದದ್ದು ಒಬ್ಬರಿಗಾದರೂ ನೆನಪಿರಬೇಕಲ್ಲ!

‘ಹಾಡೋಕೆ ಬರುತ್ತೆ ಅಂತ ಒಂದು ದಿನವಾದ್ರೂ ಹೇಳಿದ್ಯಾ ನೀನು?’ ಎಂದೆ ಹೋಟೆಲಿನಲ್ಲಿ.

‘ಕೇಳಿದ್ರೆ ಹೇಳ್ತಿದ್ದೆ.’

‘ಆ ಅಜ್ಜಿ ಏನಂದ್ರು ಅಷ್ಟು ಹೊತ್ತು?’

‘ಏನೂ ಅನ್ನಲಿಲ್ಲ. ಇಬ್ಬರೂ ಉಸಿರಾಡಿದ್ವಿ ಅಷ್ಟೇ.’

ಈ ಉತ್ತರ ನನ್ನನ್ನು ಇನ್ನೂ ಸುಟ್ಟಿತು. ನೆರೆಯವನ ಮೇಲೆ ಮತ್ಸರಪಡುವುದು ಸುಲಭ, ಅದನ್ನು ಹೇಳಿಕೊಳ್ಳಲು ಮನೆಯಲ್ಲಿ ಹೆಂಡತಿ ಇರುತ್ತಾಳೆ; ಅವಳೂ ನನ್ನ ಜೊತೆ ಸೇರಿ ನಾಲ್ಕು ಮಾತು ಆಡುತ್ತಾಳೆ, ಹೊಟ್ಟೆ ತಣ್ಣಗಾಗುತ್ತದೆ. ಹೆಂಡತಿಯ ಮೇಲೆಯೇ ಮತ್ಸರ ಹುಟ್ಟಿದರೆ ಅದನ್ನು ಯಾರ ಮುಂದೆ ಇಳಿಸಬೇಕು? ಹಿತ್ತಲ ಗಿಡ ಮದ್ದಲ್ಲ ಎನ್ನುವವರು, ಊರೆಲ್ಲ ಅದೇ ಮದ್ದಿಗೆ ಸಾಲುಗಟ್ಟಿ ನಿಂತರೆ ಯಜಮಾನನ ಗತಿ ಏನೆಂದು ಹೇಳಿಲ್ಲ. ಹಾಡಿಗಾಗಿ ಅಷ್ಟೇ ಆಗಿದ್ದರೆ ಹೇಗೋ ತಡೆಯುತ್ತಿದ್ದೆ. ಅರ್ಧ ಆಯುಸ್ಸು ಜೊತೆಗಿದ್ದ ನನಗೆ ಕಾಣದ ಒಬ್ಬಳು ಸುಮಿತ್ರಾ, ಹೆಸರೂ ತಿಳಿಯದ ಹೆಂಗಸಿಗೆ ಒಂದು ಉಸಿರಿನಲ್ಲಿ ಕಂಡುಬಿಟ್ಟಳಲ್ಲ! ಹಾಗಾದರೆ ನಾನು ಇವಳಿಗೆ ಯಾರು? ಈ ಪ್ರಶ್ನೆ ಟೆಕ್ಸಸ್‌ವರೆಗೂ ನನ್ನ ಜೊತೆಗೇ ಬಂತು.

ಯಾರೋ ತೆಗೆದ ವಿಡಿಯೊ ನಮಗಿಂತ ಮೊದಲೇ ಊರು ತಲುಪಿತ್ತು. ಹ್ಯೂಸ್ಟನ್ನಿನ ಕನ್ನಡ ಕೂಟದ ಹುಡುಗಿಯೊಬ್ಬಳು ನನಗೆ ಫೋನು ಮಾಡಿದಳು. ನಾನು ಗಂಟಲು ಸರಿಮಾಡಿಕೊಂಡೆ.

‘ಅಂಕಲ್, ಯುಗಾದಿ ಪ್ರೋಗ್ರಾಂ ಪ್ಲಾನ್ ಮಾಡ್ತಾ ಇದೀವಿ’ ಎಂದ ಆ ಹುಡುಗಿ, ‘ಆಂಟಿ ನಂಬರ್ ಕೊಡ್ತೀರಾ?’ ಎಂದಳು.

ಕೊಟ್ಟೆ. ಕೊಡದೆ ಏನು ಮಾಡಲಿ?

ಹ್ಯೂಸ್ಟನ್ನಿಗೆ ಡ್ರೈವ್ ಮಾಡುವಾಗ ‘ಮರೆತುಹೋದ್ರೆ ಏನ್ರೀ ಮಾಡೋದು?’ ಎಂದಳು ಒಮ್ಮೆ. ‘ಮರೆಯಲ್ಲ ಬಿಡು’ ಎಂದೆ, ರಸ್ತೆ ನೋಡುತ್ತ. ಅಲ್ಲಿ ಅವಳು ವೇದಿಕೆ ಹತ್ತಿದಳು, ನಾನು ಮೊದಲ ಸಾಲಿನ ಕುರ್ಚಿಯಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ಕುಳಿತೆ. ಅದೇ ಹಾಡು. ಸಭೆ ಅಲುಗಾಡಲಿಲ್ಲ, ಬಫೆ ಮೇಜಿನ ಬಳಿ ಸೌಟಿನ ಸದ್ದೂ ಇರಲಿಲ್ಲ.

ಮೂರನೆಯ ನುಡಿಯಲ್ಲಿ ಅವಳು ನಿಂತುಬಿಟ್ಟಳು. ಸಾಲು ಮರೆತಿತ್ತು. ನಿಮ್ಮ ಮುಂದೆ ಮುಚ್ಚಿಡುವುದೇಕೆ, ಆ ಕ್ಷಣ ನನಗೆ ಸಂತೋಷವಾಯಿತು. ಕಣ್ಣರೆಪ್ಪೆ ಬಡಿಯುವಷ್ಟು ಹೊತ್ತು, ಆದರೂ ಅದು ಸಂತೋಷವೇ. ಆಗ ಅವಳು ಆ ಜನರಾಶಿಯಲ್ಲಿ ನನ್ನನ್ನು ಹುಡುಕಿದಳು. ಹುಡುಕಿದ್ದೇ ತಡ, ನನ್ನ ಬಾಯಿಂದ, ಶ್ರುತಿಯಿಲ್ಲದ ಒಡಕು ದನಿಯಲ್ಲಿ, ಆ ಸಾಲು ಬಂದುಬಿಟ್ಟಿತು.

ನನಗೆ ಅದು ಗೊತ್ತಿದೆಯೆಂದು ನನಗೇ ಗೊತ್ತಿರಲಿಲ್ಲ. ಶುಕ್ರವಾರ ಶುಕ್ರವಾರ ಅವಳು ದೀಪ ಹಚ್ಚುವಾಗ, ಗೋಡೆಯಾಚೆ ನಾನು ಲ್ಯಾಪ್‌ಟಾಪಿನ ಮುಂದೆ ಕೂತು ‘ಬಾಗಿಲು ಹಾಕೇ, ಮೀಟಿಂಗ್ ಇದೆ’ ಎಂದು ಕೂಗುವಾಗ, ಆ ಮುಚ್ಚಿದ ಬಾಗಿಲ ಸಂದಿಯಿಂದ ಅದು ಒಳಗೆ ಬಂದು, ಮಿಕ್ಸಿಯ ಸದ್ದಿನ ಜೊತೆ, ನನಗೆ ತಿಳಿಯದಂತೆ ಕೂತಿತ್ತು.

ಅವಳು ಸಾಲನ್ನು ನನ್ನಿಂದ ತೆಗೆದುಕೊಂಡು ಹಾಡಿದಳು. ಮುಂದಿನದಕ್ಕೆ ಹೋಗಲಿಲ್ಲ. ಅದೇ ಸಾಲಿಗೆ ಮತ್ತೆ ಬಂದು, ನನ್ನ ಕಡೆ ನೋಡಿ, ಉಸಿರು ಹಿಡಿದು ಕಾದಳು. ನಾನು ಎದ್ದು ನಿಂತು ದನಿಗೂಡಿಸಿದೆ. ಮೈಕು ಅವಳ ಕೈಯಲ್ಲೇ ಇತ್ತು.