ಪುಸ್ತಕದಲ್ಲಿದ್ದ ಐದನೇ ಜ್ವರ

ಹೊಸ ಗೈಡಿನ ಅಂಟಿನ ವಾಸನೆ ನಿಮಗೆ ಇಷ್ಟವಿರಬಹುದು. ನಾನು ಮಾತ್ರ ಅದು ಮೂಗಿಗೆ ಬಿದ್ದರೆ ಪುಸ್ತಕ ಮುಚ್ಚಿ ಆಚೆ ಸರಿಸುತ್ತೇನೆ. ಕಳೆದ ವಾರ ಪಕ್ಕದ ಮನೆಯ ರೂಪಾ, ಚನ್ನಪಟ್ಟಣದ ಒಂದು ಶಾಲೆಯಲ್ಲಿ ಟೀಚರು, ಸಾಮಾನ್ಯ ಜ್ಞಾನದ ದಪ್ಪ ಗೈಡೊಂದನ್ನು ತಂದು ನನ್ನ ಮಡಿಲಿಗೆ ಹಾಕಿದಳು. "ಮೇಡಂ, ತಾಲ್ಲೂಕು ಕ್ವಿಜ್‌ಗೆ ನೀವೇ ಜಡ್ಜ್ ಆಗ್ಬೇಕು. ಬೇಡ ಅನ್ಬೇಡಿ." ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳು, ಟೀವಿ ಮುಂದೆ ಕೂತು ಸ್ಪರ್ಧಿಗಿಂತ ಮೊದಲೇ ಉತ್ತರ ಕೂಗುವವಳು ನಾನು. ನನ್ನನ್ನು ಬಿಟ್ಟು ಇನ್ಯಾರನ್ನು ಕೇಳಿಯಾಳು! ಯೋಚಿಸಿ ಹೇಳುತ್ತೇನೆ ಎಂದೆ.

ಆ ವಾಸನೆಯ ಹಿಂದಿನ ಕಥೆ ರಾಮನಗರ ಇನ್ನೂ ಜಿಲ್ಲೆಯಾಗಿರದ ಕಾಲದ್ದು. ನಾನು ಕನಕಪುರದಲ್ಲಿ ಹತ್ತನೇ ಕ್ಲಾಸು. ನನ್ನ ಬೆಂಚಿನಲ್ಲಿ ಕೋಡಿಹಳ್ಳಿ ಕಡೆಯ ಚಿಕ್ಕತಾಯಿ ಕೂರುತ್ತಿದ್ದಳು. ಬೆಳಿಗ್ಗೆ ಎದ್ದು ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ, ಬಸ್ಸು ಹಿಡಿದು ಬರುವ ಹುಡುಗಿ. ಅವಳ ಲಂಗದಿಂದ ಹಿಪ್ಪುನೇರಳೆಯ ಹಸಿ ವಾಸನೆ ಬರುತ್ತಿತ್ತು. ಅದನ್ನು ನಾನು ಆಗಾಗ ಆಡಿಕೊಳ್ಳುತ್ತಿದ್ದೆ, ಕೂಟಗಲ್ಲಿನ ನಮ್ಮಜ್ಜಿ ಮನೆಯಲ್ಲೂ ಇದೇ ಹುಳು ಸಾಕುತ್ತಿದ್ದರೆಂಬುದನ್ನು ಮರೆತವಳ ಹಾಗೆ.

ಆ ವರ್ಷ ಪೇಟೆಯ ರೇಷ್ಮೆ ವ್ಯಾಪಾರಿಯೊಬ್ಬರು ರಸಪ್ರಶ್ನೆ ಸ್ಪರ್ಧೆ ಇಟ್ಟರು. ಗೆದ್ದ ಹುಡುಗಿಗೆ ಬೆಂಗಳೂರಿನಲ್ಲಿ ಪಿಯುಸಿ, ಹಾಸ್ಟೆಲು, ಎಲ್ಲ ಅವರದೇ ಖರ್ಚು. ಪ್ರಶ್ನೆಗಳೆಲ್ಲ ಒಂದೇ ಗೈಡಿನಿಂದ. ಶಾಲೆಯಲ್ಲಿದ್ದ ಒಂದು ಪ್ರತಿಯನ್ನು ನಾವಿಬ್ಬರೂ ಮಧ್ಯಾಹ್ನದ ಬಿಡುವಿನಲ್ಲಿ ಹಂಚಿಕೊಂಡು ಓದಿದೆವು. ಪಾಣಿಪತ್ತಿನಲ್ಲಿ ಎಷ್ಟು ಯುದ್ಧ, ಹೊಲಿಗೆ ಯಂತ್ರ ಕಂಡುಹಿಡಿದವರು ಯಾರು, ಅತಿ ಉದ್ದದ ನದಿ ಯಾವುದು. ನಾನು ಓದಿದ್ದನ್ನು ಹಾಗೆಹಾಗೇ ನುಂಗುವವಳು. ಚಿಕ್ಕತಾಯಿಗೆ ಆ ಕಲೆ ಒಲಿಯಲೇ ಇಲ್ಲ. ಬಾಹ್ಯಾಕಾಶಕ್ಕೆ ಕಳಿಸಿದ ನಾಯಿಯ ಹೆಸರು ಲೈಕಾ ಎಂದು ಓದಿದರೆ ಅವಳು ಅಲ್ಲೇ ನಿಂತುಬಿಡುತ್ತಿದ್ದಳು.

"ವಾಪಸ್ ಬಂತೇನೇ ಅದು?"

"ಅದನ್ನೆಲ್ಲ ಕೇಳಲ್ಲ ಬುಡೇ. ಹೆಸ್ರು ಗೊತ್ತಿದ್ರೆ ಸಾಕು."

"ಪಾಪ, ಕಳ್ಸಿದೋರು ಒಸಿ ಹೇಳ್ಬೇಕಲ್ವಾ ಏನಾಯ್ತು ಅಂತ."

ಒಂದು ದಿನ ಅವಳು ಗೈಡು ಹಿಡಿದು ಬಿದ್ದುಬಿದ್ದು ನಕ್ಕಳು. ಗೂಡು ಕಟ್ಟುವ ಮೊದಲು ರೇಷ್ಮೆ ಹುಳು ಎಷ್ಟು ಸಲ ಪೊರೆ ಬಿಡುತ್ತದೆ ಎಂಬುದಕ್ಕೆ ಅದರಲ್ಲಿ ಐದು ಎಂದು ಅಚ್ಚಾಗಿತ್ತು. ಪೊರೆ ಬಿಡುವ ಮೊದಲು ಹುಳು ಮೇವು ಬಿಟ್ಟು, ತಲೆ ಎತ್ತಿ ಅಲುಗದೆ ಕೂರುತ್ತದಲ್ಲ, ಅದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದ ಹುಳು ಆಮೇಲೆ ಮೇಯುತ್ತದೆ, ಮೈ ಹಳದಿಯಾಗಿ ಹಣ್ಣಾಗುತ್ತದೆ, ಗೂಡು ಕಟ್ಟುತ್ತದೆ. ಐದನೇ ಜ್ವರವನ್ನು ಯಾರೂ ಕಂಡಿಲ್ಲ. "ಬರ್ದೋನು ಹುಳ ಮನೆ ಬಾಗ್ಲೂ ನೋಡಿಲ್ಲ ಕಣೇ" ಎಂದು ಅವಳು ಪೆನ್ಸಿಲಿನಲ್ಲಿ ಐದನ್ನು ಹೊಡೆದು ನಾಲ್ಕು ಎಂದು ಬರೆದಳು. ನಾನೂ ನಕ್ಕೆ. ನಕ್ಕಿದ್ದು ಚೆನ್ನಾಗಿ ನೆನಪಿದೆ.

ಸ್ಪರ್ಧೆಯ ದಿನ ಕೊನೆಗೆ ಉಳಿದವರು ನಾವಿಬ್ಬರೇ, ಅಂಕ ಸಮ. ಕೊನೆಯ ಪ್ರಶ್ನೆಗೆ ಉತ್ತರವನ್ನು ಸ್ಲೇಟಿನಲ್ಲಿ ಬರೆದು ಒಟ್ಟಿಗೆ ಎತ್ತಬೇಕು. ನಮ್ಮ ಸಮಾಜ ಮೇಷ್ಟ್ರು ವ್ಯಾಪಾರಿ ತಂದಿದ್ದ ಹೊಸ ಗೈಡು ತೆರೆದು ಓದಿದರು: "ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ಎಷ್ಟು ಬಾರಿ ಪೊರೆ ಬಿಡುತ್ತದೆ?"

ಚಿಕ್ಕತಾಯಿ ನನ್ನ ಕಡೆ ನೋಡಿ ಮುಗುಳ್ನಕ್ಕಳು. ಇಬ್ಬರೂ ನಾಲ್ಕು ಬರೆಯುತ್ತೇವೆ, ಇನ್ನೊಂದು ಪ್ರಶ್ನೆ ಕೇಳುತ್ತಾರೆ ಎಂದುಕೊಂಡಿರಬೇಕು. ನಾನು ಐದು ಎಂದು ಬರೆದೆ.

ಸಭೆಯಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಹುಳು ಸಾಕುವ ಮನೆಯವರು. ಹಿಂದಿನ ಸಾಲಿನಲ್ಲಿ ಟವೆಲು ಹೊದ್ದು ಕೂತಿದ್ದ ಅವಳ ಅಪ್ಪನ ಅಂಗೈಯಲ್ಲಿ ಸೊಪ್ಪಿನ ಕಲೆ ಇನ್ನೂ ಹೋಗಿರಲಿಲ್ಲ. ವೇದಿಕೆಯ ಮೇಲಿದ್ದ ವ್ಯಾಪಾರಿ ಗೂಡು ಕೊಂಡೇ ಬದುಕಿದವರು. "ಸಾ, ನಾಲ್ಕೇ ಜ್ವರ ಸಾ" ಎಂದು ಚಿಕ್ಕತಾಯಿ ಮೆಲ್ಲಗೆ ಹೇಳಿದಳು. ಮೇಷ್ಟ್ರು ಗೈಡನ್ನು ಎತ್ತಿ ತೋರಿಸಿದರು. "ಪುಸ್ತಕದಲ್ಲಿ ಐದು ಅಂತೈತೆ ಕಣಮ್ಮ. ನಾನೇನು ಮಾಡ್ಲಿ?" ವ್ಯಾಪಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಅವಳ ಅಪ್ಪನೂ ಏಳಲಿಲ್ಲ. ಅಚ್ಚಾದ ಅಕ್ಷರದ ಎದುರು ನಿಲ್ಲುವ ಧೈರ್ಯ ಆ ಸಭೆಯಲ್ಲಿ ಒಬ್ಬರಿಗೂ ಇರಲಿಲ್ಲ. ಅವರನ್ನು ಬೈಯುವುದಕ್ಕೆ ನನಗೆ ಯಾವ ಮುಖ? ಒಂದು ಮಾತು ಹೇಳಿದ್ದರೆ ಸಾಕಿತ್ತು ನಾನು. ಚಪ್ಪಾಳೆ ಬಿತ್ತು, ಹಾರ ಹಾಕಿಸಿಕೊಂಡೆ.

ಅವಳ ಮನೆಯಲ್ಲಿ ಮಾತಾಗಿದ್ದು ಇಷ್ಟೇ: ಗೆದ್ದರೆ ಕಾಲೇಜು, ಇಲ್ಲದಿದ್ದರೆ ಮದುವೆ. ಇದು ನನಗೆ ಗೊತ್ತಿತ್ತು. ನಮ್ಮಪ್ಪ ತಾಲ್ಲೂಕು ಕಚೇರಿಯ ಗುಮಾಸ್ತರು. ಗೆಲ್ಲದಿದ್ದರೂ ನನ್ನನ್ನು ಓದಿಸುತ್ತಿದ್ದರು. ಇದೂ ಗೊತ್ತಿತ್ತು. ನನಗೆ ಆ ಸೀಟಿನ ಅಗತ್ಯವೇ ಇರಲಿಲ್ಲ, ಗೆಲ್ಲಬೇಕಿತ್ತು ಅಷ್ಟೇ. ಇಂಥ ಸಣ್ಣ ಬುದ್ಧಿಗೆ ಯಾವ ಹೆಸರಿಡಬೇಕೋ ನನ್ನ ಯಾವ ಗೈಡಿನಲ್ಲೂ ಇಲ್ಲ. ಮೂರು ತಿಂಗಳಿಗೆ ಅವಳ ಮದುವೆಯಾಯಿತು, ಮಾಗಡಿ ಕಡೆಗೆ ಕೊಟ್ಟರು.

ಎಷ್ಟೋ ವರ್ಷಗಳಾದ ಮೇಲೆ ರಾಮನಗರದ ಗೂಡಿನ ಮಾರುಕಟ್ಟೆಯ ಎದುರು ಸಿಕ್ಕಳು. ಗೂಡಿನ ಚೀಲದ ಮೇಲೆ ಕೈಯಿಟ್ಟು ಕೂತಿದ್ದಳು, ನನಗಿಂತ ಹತ್ತು ವರ್ಷ ಹಿರಿಯಳಂತೆ ಕಂಡಳು. ಅವಳೇ ಗುರುತು ಹಿಡಿದಳು. ಟೀ ಕುಡಿದೆವು. ಕೊನೆಗೆ ತಡೆಯಲಾರದೆ ನಾನೇ ಆ ಮಾತು ತೆಗೆದೆ. ಅವಳು ಬೈಯಲಿಲ್ಲ.

"ಪುಸ್ತಕದಲ್ಲಿ ಐದು ಇರೋದು ನಂಗೂ ನೆನಪಿತ್ತು ಕಣವ್ವ. ಬರಿಯಕ್ಕೆ ಕೈ ಬರ್ಲಿಲ್ಲ. ಅವತ್ತು ಬೆಳಗ್ಗೇನೂ ಅವುಕ್ಕೆ ಸೊಪ್ಪು ಹಾಕ್ಬುಟ್ಟು ಬಂದಿದ್ದೆ." ಲೋಟ ಕೆಳಗಿಟ್ಟು, ಸುಮ್ಮನೆ ತಿಳಿದುಕೊಳ್ಳುವವಳ ಹಾಗೆ ಕೇಳಿದಳು: "ಮೇಡಂ ಆದ್ಯಲ್ಲ, ಮಕ್ಕಳಿಗೆ ಎಷ್ಟು ಅಂತ ಹೇಳ್ಕೊಟ್ಟೆ?"

ಅದು ನನ್ನ ಪಾಠದಲ್ಲಿ ಬರಲಿಲ್ಲ, ನಾನು ಹೇಳಿಕೊಟ್ಟಿದ್ದು ಇತಿಹಾಸ ಎಂದೆ. ಅವಳು ತಲೆಯಾಡಿಸಿ ಚೀಲ ಎತ್ತಿಕೊಂಡಳು. ಮತ್ತೆ ಸಿಕ್ಕಿಲ್ಲ. ಹುಡುಕಿಯೂ ಇಲ್ಲ, ಸುಳ್ಳೇಕೆ ಹೇಳಲಿ.

ನಿನ್ನೆ ರೂಪಾ ಬಂದಾಗ ಗೈಡು ವಾಪಸು ಕೊಟ್ಟು, ಜಡ್ಜಾಗುವುದಿಲ್ಲ ಎಂದೆ. ಕಾರಣ ಕೇಳಿದಳು. ಗಂಡನಿಗೂ ಹೇಳದಿದ್ದದ್ದನ್ನು ಮೊದಲ ಬಾರಿಗೆ ಪೂರ್ತಿಯಾಗಿ ಅವಳಿಗೆ ಹೇಳಿದೆ. ಕೇಳಿಸಿಕೊಂಡಳು, ಪಾಪ ಎಂದಳು. ಆಮೇಲೆ ನನಗೆ ಸಮಾಧಾನ ಹೇಳುವವಳಂತೆ, "ಈಗ ಆ ತೊಂದ್ರೆ ಇಲ್ಲ ಮೇಡಂ. ಪುಸ್ತಕದ ಉತ್ತರವೇ ಫೈನಲ್ ಅಂತ ಮೊದಲೇ ಅನೌನ್ಸ್ ಮಾಡ್ತೀವಿ. ಗಲಾಟೆ ಆಗೋದೇ ಇಲ್ಲ" ಎಂದಳು.

"ಅವತ್ತೂ ಗಲಾಟೆ ಆಗಲಿಲ್ಲಮ್ಮ" ಎಂದೆ.