ಲೇಖಕಿಗೊಂದು ಕೋಟು

ಟೈಲರಮ್ಮನಿಗೆ ಹಿಂದೆಮುಂದೆ ತಂಗಿಯೊಬ್ಬಳನ್ನು ಬಿಟ್ಟರೆ ಯಾರೂ ಇಲ್ಲವೆಂದುಕೊಂಡವರು ಅವಳ ಅಂಗಡಿಯಲ್ಲಿ ಒಂದು ಗಳಿಗೆ ಕೂರಬೇಕು. "ಮಗಳು ಮಾತು ಬಿಟ್ಟಿದ್ದಾಳಾ? ನಮ್ಮ ಹಿರಿ ಸೊಸೇನೂ ಹೀಗೇ ಮುನಿಸ್ಕೊಂಡಿದ್ಲು. ಅತ್ತೆ ಸುಮ್ಮನೆ ಹೋಗಿ ಪಕ್ಕದಲ್ಲಿ ಕೂತ್ಲು ನೋಡಿ, ಕರಗಿಹೋದ್ಲು!" ಎಂದು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಬುದ್ಧಿ ಹೇಳುತ್ತಾಳೆ. ಮದುವೆಯೇ ಆಗದವಳಿಗೆ ಸೊಸೆ ಎಲ್ಲಿಂದ ಬಂದಳೆಂದು ಹೊಸ ಗಿರಾಕಿ ಕಕ್ಕಾಬಿಕ್ಕಿಯಾದರೆ ಹಳಬರು ನಗುತ್ತಾರೆ. ಆ ಸೊಸೆ, ಅತ್ತೆ, ಕುಡುಕ ಭಾವ ಎಲ್ಲರೂ ಅವಳು ಫ್ರಾಕು ತೊಡುತ್ತಿದ್ದ ಕಾಲದಿಂದ ಓದುತ್ತಿರುವ ಒಬ್ಬ ಲೇಖಕಿಯ ಕಾದಂಬರಿಗಳ ಪಾತ್ರಗಳು. ಅಂಗಡಿಯಲ್ಲಿ ಯಾರಾದರೂ ಯಾರನ್ನಾದರೂ ಹಳಿದರೆ ಮೆಷಿನ್ನು ನಿಲ್ಲುತ್ತದೆ. "ಪೂರ್ತಿ ಓದದೆ ಯಾರನ್ನೂ ಕೆಟ್ಟೋರು ಅನ್ಬೇಡಿ. ಆ ಕುಡುಕ ಭಾವನಿಗೆ ಪುಟಪುಟಕ್ಕೂ ಶಾಪ ಹಾಕ್ತಿದ್ದೆ. ಕೊನೇ ಅಧ್ಯಾಯದಲ್ಲಿ ಪುಣ್ಯಾತ್ಮ ನನ್ನನ್ನೇ ಅಳಿಸಿಬಿಟ್ಟ!" ಕನ್ನಡಿಯ ಪಕ್ಕದ ಗೂಟದಲ್ಲಿ ಯಾರೂ ಒಯ್ಯದ ಒಂದು ಕಡುನೀಲಿ ಉಣ್ಣೆ ಕೋಟು ತೂಗುತ್ತಿರುತ್ತದೆ. ಅದು ಲೇಖಕಿಗೆಂದು ಹೊಲಿದದ್ದು. ಪುಸ್ತಕದ ಹಿಂಬದಿಯ ಫೋಟೋದಲ್ಲಿ ಕಂಡದ್ದು ಹೆಗಲವರೆಗೆ ಮಾತ್ರ, ಉಳಿದದ್ದೆಲ್ಲ ಅಂದಾಜು. "ಕೂತು ಬರೆಯೋರಿಗೆ ಸೊಂಟ ದಪ್ಪ ಆಗುತ್ತೆ" ಎಂದು ಆಗಾಗ ಪಕ್ಕದ ಹೊಲಿಗೆ ಬಿಚ್ಚಿ ಸಡಿಲಿಸುತ್ತಿದ್ದಳು. ಲೇಖಕಿ ತೀರಿಕೊಂಡ ಸುದ್ದಿ ಬಂದ ದಿನ ಆ ಕೆಲಸ ನಿಂತಿತು, ಧೂಳು ಕೊಡವುವುದು ನಿಲ್ಲಲಿಲ್ಲ. "ಒಂದು ಸಲನೂ ನೋಡದೇ ಇದ್ದೋರಿಗೆ ಯಾರಾದ್ರೂ ಬಟ್ಟೆ ಹೊಲೀತಾರೇನಕ್ಕಾ?" ಎಂದು ತಂಗಿ ಈಗಲೂ ರೇಗಿಸುತ್ತಾಳೆ. ಟೈಲರಮ್ಮ ಕೋಟಿನ ಕಾಲರು ನೇರ ಮಾಡುತ್ತ ಹೇಳುತ್ತಾಳೆ: "ಅವರು ಮಾತ್ರ ನನ್ನ ನೋಡಿದ್ರಾ? ಆದ್ರೂ ನನ್ನ ಅಳತೆಗೇ ಬರೀಲಿಲ್ವೇನೇ?"